ಒಂದು ಬೆರಳು ಸಡಿಲ

ನಾವು ಕೆಳಗಿನವರು. ಕಟ್ಟಡಕ್ಕೆ ಏಳು ಮಹಡಿ, ಏಳರಲ್ಲೂ ಕ್ಯಾನ್ಸರ್ ಬಗ್ಗೆ ತಲೆ ಕೆಡಿಸಿಕೊಂಡ ವಿಜ್ಞಾನಿಗಳು. ಅವರೆಲ್ಲರ ಇಲಿಗಳು ಮಾತ್ರ ನೆಲಮಾಳಿಗೆಯಲ್ಲಿ, ನಮ್ಮ ಹತ್ತಿರ. ಒಂದೊಂದು ತಂಡವೂ ತನ್ನದೇ ಇಲಿಮನೆ, ತನ್ನದೇ ಯಂತ್ರ, ತನ್ನದೇ ಪಶುವೈದ್ಯರನ್ನು ಇಟ್ಟುಕೊಳ್ಳಲು ಆಗುವುದಿಲ್ಲವಲ್ಲ, ಅದಕ್ಕೇ ಎಲ್ಲರಿಗೂ ಸೇರಿ ಒಂದೇ ನೆಲಮಾಳಿಗೆ. ಇಲಿ ಸಾಕುವುದು, ಅದರ ಚರ್ಮದಡಿ ಗಡ್ಡೆಯ ಚೂರು ಕಸಿ ಮಾಡುವುದು, ಔಷಧ ಕೊಡುವುದು, ಅಳೆಯುವುದು, ಕೊನೆಗೆ ಹೋಳು ತೆಗೆದು ಗಾಜಿಗೆ ಹಚ್ಚುವುದು, ಎಲ್ಲ ನಮ್ಮದು. ಹೆಸರು ಬರುವುದು ಮೇಲಿನವರಿಗೆ. ಏಳು ಮನೆಗೆ ಒಬ್ಬಳೇ ಸೊಸೆ ಇದ್ದ ಹಾಗೆ ನಮ್ಮ ಸ್ಥಿತಿ. ಯಾವ ಮನೆಯಲ್ಲಿ ಅಡುಗೆ ತಡವಾದರೂ ಬೈಗುಳ ನಮಗೇ.

ನನ್ನ ಕೆಲಸ ಅಳೆಯುವುದು. ಇಪ್ಪತ್ತಾರು ವರ್ಷದಿಂದ ಅದೇ. ಮೇಲಿನವರಿಗೆ ನನ್ನ ಹೆಸರು ಗೊತ್ತಿದೆಯೋ ಇಲ್ಲವೋ, ಎಲ್ಲರೂ ಅಳತೆಯಮ್ಮ ಎನ್ನುತ್ತಾರೆ. ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ಒಂದೊಂದೇ ಇಲಿಯನ್ನು ಎಡಗೈಯಲ್ಲಿ ಹಿಡಿದು, ಪಕ್ಕೆಯ ಮೇಲಿನ ಗಡ್ಡೆಯನ್ನು ಕ್ಯಾಲಿಪರಿನ ಎರಡು ತುಟಿಗಳ ನಡುವೆ ತಂದು, ಉದ್ದ ಇಷ್ಟು ಅಗಲ ಇಷ್ಟು ಎಂದು ಬರೆಯುತ್ತೇನೆ. ನಮ್ಮ ಇಲಿಗಳಿಗೆ ಕೂದಲಿಲ್ಲ, ರೋಗದ ಜೊತೆ ಹೋರಾಡುವ ಶಕ್ತಿಯೂ ಇಲ್ಲ. ಅದಕ್ಕೇ ಮನುಷ್ಯರ ಗಡ್ಡೆ ಅವುಗಳ ಮೈಯಲ್ಲಿ ಬೇರು ಬಿಡುತ್ತದೆ. ಗುಲಾಬಿ ಬಣ್ಣ, ಮುದುಕರ ಹಾಗೆ ಸುಕ್ಕು ಚರ್ಮ. ನೋಡಿದವರು ಮುಖ ಕಿವುಚುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು, ನನಗೆ ಇವು. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಜನ ನಗುತ್ತಾರೆ. ಇಲಿ ಹಿಡಿದುಕೊಂಡೇ ಬೆಟ್ಟ ಅಗೆಯುವವರು ನಾವು, ನಮ್ಮನ್ನು ಕಂಡು ಯಾರೂ ನಗುವುದೂ ಇಲ್ಲ.

ನೆಲಮಾಳಿಗೆಯ ಮುಖ್ಯಸ್ಥರು ಪಶುವೈದ್ಯರು. ನಮ್ಮ ಬಾಯಲ್ಲಿ ಚೀಟಿ ಡಾಕ್ಟರು. ಚೀಟಿ ಇಲ್ಲದೆ ಅವರು ಬಾಗಿಲ ಚಿಲಕವನ್ನೂ ತೆಗೆಯುವವರಲ್ಲ. ಇಲ್ಲಿಗೆ ಬರುವ ಗಡ್ಡೆಗೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಯಾವ ರೋಗಿಯದು ಎಂದು ನಾವು ಕೇಳುವಂತಿಲ್ಲ. ಇನ್ನೊಂದು ನಿಯಮವೂ ಇದೆ, ಗೋಡೆಯ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಒಂಬತ್ತನೆಯದು. ಗಡ್ಡೆ ತನ್ನವರದ್ದು ಎಂದು ಕೆಲಸದವರಿಗೆ ತಿಳಿದರೆ ಆ ಕ್ಷಣವೇ ಹೇಳಬೇಕು, ಆ ಸಂಖ್ಯೆಯ ಕೆಲಸವನ್ನು ಬೇರೆ ಕೈಗೆ ಕೊಡಬೇಕು. ಅಂಥದ್ದು ಯಾರಿಗೆ ಬರುತ್ತದೆ ಎಂದು ನಾವು ಆ ಸಾಲನ್ನು ಓದುವುದನ್ನೇ ಬಿಟ್ಟಿದ್ದೆವು.

ಮೂವತ್ತೊಂದನೆಯ ಸಂಖ್ಯೆ ನನ್ನ ಅಕ್ಕ.

ಅಕ್ಕ ದರ್ಜಿ. ಬೀದಿಯ ಕೊನೆಯಲ್ಲಿ ಒಂದು ಅಂಗಡಿ, ಹಿಂದೆಯೇ ಮನೆ. ಹೊಲಿಗೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಹೇಳಿದ ದಿನಕ್ಕೆ ಬಟ್ಟೆ ಕೊಟ್ಟದ್ದೂ ಇರಲಿಲ್ಲ. 'ನಾಳೆ ಬನ್ನಿ' ಎನ್ನುವುದು ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ನಾಳೆ ಎಂದವನ ಮನೆ ಹಾಳು ಎಂದು ನಾನು ಚುಚ್ಚಿದರೆ, "ಹಾಳಾದ ಮನೆಗೂ ಪರದೆ ಹೊಲಿಯೋಕೆ ನಾನೇ ಬೇಕಲ್ಲ" ಎನ್ನುತ್ತಿದ್ದಳು. ಹುಟ್ಟಿದ್ದೇ ಹೇಳಿದ ದಿನಕ್ಕಿಂತ ಹದಿನಾಲ್ಕು ದಿನ ತಡವಾಗಿ ಎಂದು ಅಮ್ಮ ಹೇಳುತ್ತಿದ್ದಳು. ಶಾಲೆಗೆ ತಡ, ಮದುವೆಗೆ ತಡ, ಮಗಳು ಹುಟ್ಟಿದಾಗ ಅವಳಿಗೆ ಮೂವತ್ತೆಂಟು. ಗಂಡ ಬಿಟ್ಟುಹೋದದ್ದು ಮಾತ್ರ ಬೇಗ. ಅದೊಂದೇ ಕೆಲಸ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಆದದ್ದು ಎಂದು ಅವಳೇ ನಗುತ್ತಿದ್ದಳು.

ನಾನು ಕುಳ್ಳಿ, ಕೈಗಳೂ ಗಿಡ್ಡ. ಪ್ರಯೋಗಾಲಯದವರು ಕೊಡುವ ಬಿಳಿ ಕೋಟಿನ ತೋಳು ಯಾವಾಗಲೂ ನನ್ನ ಬೆರಳು ಮುಚ್ಚುತ್ತದೆ. ಒಂದು ವರ್ಷ ಹೊಸ ಕೋಟು ಬಂದಾಗ, ಒಳಗೆ ಒಯ್ಯುವ ಮೊದಲೇ ಅಕ್ಕನ ಅಂಗಡಿಗೆ ಒಯ್ದೆ. ಅವಳು ನನ್ನನ್ನು ನಿಲ್ಲಿಸಿ, ತೋಳು ಮಡಿಸಿ, ಟೇಪು ಹಿಡಿದಳು. ಬಿಗಿಯಾಗಿ ಹಿಡಿ ಎಂದರೆ ಗದರಿದಳು.

"ಸುಮ್ನೆ ನಿಲ್ಲೆ. ಒತ್ತಿ ಅಳೆದರೆ ಅಳತೆ ಸುಳ್ಳು ಹೇಳುತ್ತೆ. ಎಷ್ಟಿದೆಯೋ ಅಷ್ಟು ಅಳೀಬೇಕು. ಆಮೇಲೆ ಒಂದು ಬೆರಳು ಸಡಿಲ ಬಿಡಬೇಕು. ಅಳತೆ ಬೇರೆ, ಸಡಿಲ ಬೇರೆ. ಎರಡನ್ನೂ ಕಲಸಿದವಳು ದರ್ಜಿ ಅಲ್ಲ."

"ನಾನೂ ಅಳೆಯೋಳೇ."

"ನಿನ್ನ ಇಲಿಗಳು ಬಟ್ಟೆ ಹಾಕ್ಕೊಳ್ಳಲ್ಲ ಬಿಡು."

ತೋಳಿಗೆ ಗುಂಡುಸೂಜಿ ಚುಚ್ಚಿ, ಸೀಮೆಸುಣ್ಣದ ಗೆರೆ ಎಳೆದು, ಕೋಟನ್ನು ಮೊಳೆಗೆ ತೂಗುಹಾಕಿದಳು. "ನಾಳೆ ಬಾ" ಎಂದಳು. ಆ ನಾಳೆ ಬರಲಿಲ್ಲ. ನಾನು ಉಳಿದ ಕೋಟುಗಳ ತೋಳನ್ನು ದಿನವೂ ಎರಡು ಮಡಿಕೆ ಮಡಿಸಿಕೊಂಡು ಕೆಲಸ ಮಾಡಿದೆ.

ವೈದ್ಯರ ಹತ್ತಿರ ಹೋದದ್ದೂ ತಡವಾಗಿಯೇ. ಹೊಟ್ಟೆಯಲ್ಲಿ ಏನೋ ಗಟ್ಟಿ ಎಂದು ಏಳು ತಿಂಗಳಿಂದ ಗೊತ್ತಿತ್ತಂತೆ. ಹೊಲಿಯಲು ಬಟ್ಟೆ ತುಂಬ ಇದ್ದವಂತೆ. ಕ್ಯಾನ್ಸರ್ ಪ್ರಯೋಗಾಲಯದಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ದುಡಿದ ತಂಗಿಗೆ ಹೇಳಲಿಲ್ಲ. ಹೇಳಿದ್ದರೆ ಬೈಯುತ್ತಿದ್ದೆ, ನಿಜ. ಬೈಸಿಕೊಂಡು ಬದುಕಿರಬಹುದಿತ್ತಲ್ಲ! ಇವತ್ತಿಗೂ ಆ ಸಿಟ್ಟು ನನ್ನಲ್ಲಿ ಇಳಿದಿಲ್ಲ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಆಸ್ಪತ್ರೆಯವರು ಒಂದು ಕಾಗದ ತಂದರು. ತೆಗೆದ ಗಡ್ಡೆಯ ಒಂದು ಚೂರನ್ನು ಸಂಶೋಧನೆಗೆ ಕೊಡಲು ಒಪ್ಪಿಗೆಯೇ ಎಂದು ಕೇಳಿದರು. ಅಕ್ಕ ಓದದೆಯೇ ಸಹಿ ಮಾಡಿದಳು.

"ಉಳಿದ ಚೂರು ಬಟ್ಟೆ ತಾನೇ? ನಾನಂತೂ ಒಂದೂ ಬಿಸಾಡಿದವಳಲ್ಲ. ಏನಾದರೂ ಹೊಲಿದುಕೊಳ್ಳಿ ಹೋಗಿ" ಎಂದಳು.

ಮರುದಿನ ನಾನು ರಜೆ ಹಾಕಬೇಕಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂದು ಕೆಲಸಕ್ಕೆ ಬಂದೆ. ಮಧ್ಯಾಹ್ನ ಹನ್ನೆರಡೂವರೆಗೆ ಮಂಜುಗಡ್ಡೆಯ ಪೆಟ್ಟಿಗೆ ಬಂತು. ಮೇಲೆ ಅಂಗದ ಹೆಸರು, ರೋಗದ ಬಗೆ, ಹೊರಗೆ ತೆಗೆದ ಸಮಯ, ಸಂಖ್ಯೆ ಮೂವತ್ತೊಂದು. ಆ ಬಗೆಯ ಗಡ್ಡೆ ಅಪರೂಪ. ಆ ಆಸ್ಪತ್ರೆಯಲ್ಲಿ ಆ ಬೆಳಿಗ್ಗೆ ಇಬ್ಬರಿಗೆ ಅದನ್ನು ತೆಗೆದಿರಲು ಸಾಧ್ಯವಿಲ್ಲ. ನನ್ನ ಕೈಯಲ್ಲಿ ಪೆಟ್ಟಿಗೆ ಇತ್ತು, ಎದುರಿನ ಗೋಡೆಯಲ್ಲಿ ಒಂಬತ್ತನೆಯ ನಿಯಮ ಇತ್ತು. ಚೀಟಿ ಡಾಕ್ಟರು ಪಕ್ಕದ ಕೋಣೆಯಲ್ಲೇ ಇದ್ದರು. ನಾನು ಬಾಯಿ ಬಿಡಲಿಲ್ಲ. ಅಕ್ಕನನ್ನು ಬೇರೆಯವರ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ, ಅಷ್ಟೇ.

ಐದು ಇಲಿಗಳಿಗೆ ಕಸಿ ಮಾಡಿದರು. ವಾರ ಕಳೆಯಿತು, ತಿಂಗಳು ಕಳೆಯಿತು, ಏನೂ ಇಲ್ಲ. ಬೇರೆ ಸಂಖ್ಯೆಗಳು ಆರು ವಾರದಲ್ಲಿ ಬಟಾಣಿಯಷ್ಟಾಗುತ್ತವೆ. ಇದು ಬೆರಳಿಗೂ ಸಿಗಲಿಲ್ಲ. ಅಕ್ಕ ಐದನೆಯ ತಿಂಗಳಲ್ಲಿ ತೀರಿಕೊಂಡಳು. ಅಂಗಡಿಯಲ್ಲಿ ಹನ್ನೊಂದು ಜನರ ಬಟ್ಟೆ ಉಳಿದಿದ್ದವು. ಅವಳ ಮಗಳು ಅವನ್ನು ಹೊಲಿಯದೆಯೇ ಮನೆಮನೆಗೆ ಹಿಂದಿರುಗಿಸಿ ಬಂದಳು.

ಆರು ತಿಂಗಳಲ್ಲಿ ಗಡ್ಡೆ ಏಳದಿದ್ದರೆ ಆ ಸಂಖ್ಯೆಯನ್ನು ಮುಚ್ಚುವುದು ಪದ್ಧತಿ. ಕೊನೆಯ ವಾರದ ಗುರುವಾರ ನಾನು ಮುಚ್ಚುವ ಹಾಳೆ ಪಕ್ಕದಲ್ಲಿಟ್ಟುಕೊಂಡೇ ಕೂತೆ. ಮೂರನೆಯ ಇಲಿ. ಪಕ್ಕೆಯ ಮೇಲೆ ಬೆರಳಾಡಿಸಿದೆ. ಸಾಸಿವೆಯಷ್ಟು. ಮತ್ತೆ ಆಡಿಸಿದೆ. ಅಲ್ಲೇ ಇತ್ತು. ಇಪ್ಪತ್ತಾರು ವಾರ ಕಾಯಿಸಿ, ಬಾಗಿಲು ಮುಚ್ಚುವ ಹೊತ್ತಿಗೆ ಸರಿಯಾಗಿ ಬಂದಿತ್ತು. ಇಷ್ಟು ತಡವಾಗಿ ಬರುವವಳು ನನಗೆ ತಿಳಿದಂತೆ ಲೋಕದಲ್ಲಿ ಒಬ್ಬಳೇ. "ಈಗ ಬಂದೆಯೇನೇ?" ಎಂದು ಗಟ್ಟಿಯಾಗಿಯೇ ಕೇಳಿಬಿಟ್ಟೆ, ಮುಖವಾಡದೊಳಗೆ ಅಳುತ್ತ.

ಅವಳನ್ನು ಕೊಂದದ್ದು ಅದೇ ಎಂದು ನನಗೆ ಗೊತ್ತಿಲ್ಲದೆ ಇಲ್ಲ. ಆದರೆ ಅವಳದ್ದು ಎಂದು ಹೇಳಬಹುದಾದ, ಇನ್ನೂ ಉಸಿರಾಡುತ್ತಿದ್ದ ಒಂದೇ ಒಂದು ಕಣ ಎಲ್ಲಾದರೂ ಇದ್ದರೆ ಅದು ಇಲ್ಲಿತ್ತು, ನನ್ನ ಬೆರಳ ಕೆಳಗೆ. ಒಂದು ಇಲಿಯಲ್ಲಿ ಗಡ್ಡೆ ದೊಡ್ಡದಾಗುವ ಮೊದಲು ಚೂರು ತೆಗೆದು ಮುಂದಿನ ಇಲಿಗೆ ದಾಟಿಸುತ್ತಾರೆ. ಹಾಗೆ ತಲೆಮಾರಿನಿಂದ ತಲೆಮಾರಿಗೆ ಅಕ್ಕ ದಾಟುತ್ತ ಬಂದಳು. ಹೆಪ್ಪುಗಟ್ಟಿಸಿ ಇಡಲು ಎರಡು ಸಲ ನೋಡಿದರು, ಕರಗಿಸಿದ ಮೇಲೆ ಏಳಲಿಲ್ಲ. ಹಾಗಾಗಿ ಇದ್ದರೆ ಇಲಿಯಲ್ಲಿ, ಇಲ್ಲದಿದ್ದರೆ ಎಲ್ಲೂ ಇಲ್ಲ. ಮೂರು ವರ್ಷ ನಾನು ಸೋಮವಾರ ಗುರುವಾರಗಳಿಗಾಗಿ ಬದುಕಿದೆ. ಮಿಕ್ಕ ದಿನಗಳಲ್ಲಿ ಉಂಡೆ, ಮಲಗಿದೆ.

ಒಂದು ಭಾನುವಾರ ಅಂಗಡಿಯ ಧೂಳು ಹೊಡೆಯುವಾಗ ಅಕ್ಕನ ಮಗಳಿಗೆ ಹೇಳಿಬಿಟ್ಟೆ. ಅವಳು ನನ್ನನ್ನು ಚಿಕ್ಕಮ್ಮ ಎನ್ನುತ್ತಾಳೆ. ಸಮಾಧಾನವಾಗಲಿ ಎಂದೇ ಹೇಳಿದ್ದು. ಅವಳ ಕೈಯಿಂದ ಪೊರಕೆ ಬಿತ್ತು.

"ಅಮ್ಮನ್ನ ತಿಂದಿದ್ದನ್ನ ನೀವು ಸಾಕ್ತಾ ಇದೀರಾ ಚಿಕ್ಕಮ್ಮ?"

"ಹಾಗಲ್ಲ ಕಣೆ. ಅದು ಅವಳದ್ದೇ..."

"ಅದು ಅಮ್ಮ ಅಲ್ಲ. ಅಮ್ಮ ಬೇಕು ಅಂದ್ರೆ ಇಲ್ಲಿಗೆ ಬನ್ನಿ. ಅಲ್ಲಿಗೆ ಹೋಗಿ ಅದರ ಬೆನ್ನು ಸವರ್ಕೊಂಡು ಇಲ್ಲಿ ಬಂದು ನನ್ನ ತಲೆ ಸವರಬೇಡಿ."

ಆಮೇಲೆ ನಮ್ಮ ಮಾತು ಹೂಂ, ಉಹೂಂಗೆ ಇಳಿಯಿತು. ಬೀದಿಯಲ್ಲಿ ಸಿಕ್ಕರೆ ಆರೋಗ್ಯ ವಿಚಾರಿಸುತ್ತಾಳೆ, ನೆರೆಯವರನ್ನು ವಿಚಾರಿಸುವ ಹಾಗೆ. ಅಕ್ಕ ಹೋದಳು, ಅಕ್ಕನ ಮಗಳೂ ಮುಖ ತಿರುಗಿಸಿದಳು, ನನಗೆ ಉಳಿದದ್ದು ಮೂವತ್ತೊಂದು.

ಈ ವರ್ಷ ಐದನೆಯ ಮಹಡಿಯ ಸಂಶೋಧಕಿ ಚೀಟಿ ತಂದಳು. ಲಿಫ್ಟಿಗೆ ಕಾಯುವ ತಾಳ್ಮೆ ಇಲ್ಲದವಳು, ಮೆಟ್ಟಿಲಲ್ಲೇ ಹತ್ತಿ ಇಳಿಯುವುದರಿಂದ ನಾವು ಮೆಟ್ಟಿಲಮ್ಮ ಎನ್ನುತ್ತೇವೆ. ಎಂಟು ವರ್ಷದಿಂದ ಒಂದು ಔಷಧದ ಬೆನ್ನು ಹತ್ತಿದ್ದಾಳೆ. ಮೂವತ್ತೊಂದರ ಗಡ್ಡೆ ಹೊತ್ತ ಹದಿನಾರು ಇಲಿಗಳು, ಎಂಟಕ್ಕೆ ಔಷಧ, ಎಂಟಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದು ಎಂದು ಅಳೆಯುವವಳಿಗೆ ಹೇಳುವುದಿಲ್ಲ. ಹೇಳಬೇಕೇನು? ಮೂರನೆಯ ವಾರಕ್ಕೆ ನನ್ನ ಬೆರಳಿಗೇ ತಿಳಿಯಿತು. ಎಂಟು ಬೆಳೆಯುತ್ತಿದ್ದವು, ಎಂಟು ಕರಗುತ್ತಿದ್ದವು.

ಒಂಬತ್ತು ಮಿಲಿಮೀಟರ್ ಇದ್ದದ್ದು ಏಳಾಯಿತು, ಐದಾಯಿತು, ಮೂರಾಯಿತು. ಬೇರೆ ಸಂಖ್ಯೆಯಾಗಿದ್ದರೆ ನಾನೇ ಮೆಟ್ಟಿಲು ಹತ್ತಿ ಹೋಗಿ ಹೇಳುತ್ತಿದ್ದೆ. ಈಗ ಬರೆದ ಹಾಳೆಯನ್ನು ಮಗುಚಿ ಇಡುತ್ತಿದ್ದೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲ್ಲಿ ಇಲಿ ಸುಖವಾಗಿ ತಿಂದುಕೊಂಡು ಓಡಾಡುತ್ತಿತ್ತು, ಸಂಕಟ ನನಗೆ. ಬಿಡಬೇಡ ಅಕ್ಕ, ಇನ್ನೊಂದು ವಾರ ಇರು ಎಂದು ಮನಸ್ಸು ಹೇಳುತ್ತಿತ್ತು. ಹೇಳಬಾರದ ಮಾತು. ಆದರೆ ಹೇಳಿದೆ.

ಎಂಟೂ ಒಂದೂವರೆ ಮಿಲಿಮೀಟರಿಗೆ ಬಂದು ನಿಂತವು. ಐದು ವಾರ ಒಂದೂವರೆಯೇ. ಬೆರಳಿಗೆ ಸಣ್ಣ ಉಬ್ಬು ಸಿಗುತ್ತಿತ್ತು, ಕ್ಯಾಲಿಪರ್ ಒಂದೂವರೆ ಎನ್ನುತ್ತಿತ್ತು, ನಾನು ಬರೆಯುತ್ತಿದ್ದೆ. ಬರೆದು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದೆ.

ಒಂದು ಗುರುವಾರ ಬೆಳಿಗ್ಗೆ ಮೆಟ್ಟಿಲಮ್ಮ ಕೆಳಗೆ ಬಂದಳು. ಓಡಿಕೊಂಡು ಬರಲಿಲ್ಲ, ಮೆಲ್ಲಗೆ ಬಂದಳು. ಅದನ್ನು ನೋಡಿಯೇ ನನಗೆ ಗಾಬರಿಯಾಯಿತು.

"ಸೋಮವಾರ ಸಭೆ ಅಳತೆಯಮ್ಮ. ಪೂರ್ತಿ ಕರಗಿಸೋ ಔಷಧ ಮಾತ್ರ ರೋಗಿಗಳಿಗೆ ಕೊಟ್ಟು ನೋಡೋಕೆ ಆರಿಸ್ತಾರೆ. ನಮ್ಮದು ನಿಂತುಬಿಡ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ."

"ಸ್ವಲ್ಪ ತಾನೇ ಉಳಿದಿರೋದು" ಎಂದೆ.

"ಸ್ವಲ್ಪ ಉಳಿದರೆ ಮತ್ತೆ ಬೆಳೆಯುತ್ತೆ. ನಿಮಗೆ ನಾನು ಹೇಳಬೇಕಾ? ಒಂದೇ ಒಂದು ಅರ್ಥ ಆಗ್ತಿಲ್ಲ. ಎಂಟೂ ಒಂದೂವರೆಗೇ ಯಾಕೆ ನಿಂತವು? ಒಂದೇ ತಾಯಿ ಮಕ್ಕಳೂ ಒಂದೇ ಥರ ಇರಲ್ಲ." ಮುಖ ಒರೆಸಿಕೊಂಡಳು. "ಹೋಗಲಿ ಬಿಡಿ. ನಿಮ್ಮ ಕೈ ತಪ್ಪೋದಿಲ್ಲ ಅಂತ ಗೊತ್ತು."

ಅವಳು ಹೋದ ಮೇಲೆ ಐದು ವಾರದ ಹಾಳೆಗಳನ್ನು ಒಂದರ ಪಕ್ಕ ಒಂದು ಹರಡಿಕೊಂಡೆ. ಒಂದೇ ತಾಯಿಯ ಮಕ್ಕಳು ನಾವಿಬ್ಬರು, ಅಕ್ಕ ಎತ್ತರ, ನಾನು ಕುಳ್ಳಿ. ಎಂಟು ಇಲಿ, ಎಂಟು ಗಡ್ಡೆ, ಐದು ವಾರ, ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಅಂಥದ್ದನ್ನು ನಾನು ಎಲ್ಲೂ ಕಂಡಿಲ್ಲ. ಕಂಡಿದ್ದರೆ ಮೊದಲು ಅನುಮಾನ ಪಡುತ್ತಿದ್ದವಳೂ ನಾನೇ.

ಗವಸು ಹಾಕಿ ಮೊದಲ ಇಲಿಯನ್ನು ತೆಗೆದೆ. ಬಲಪಕ್ಕೆಯಲ್ಲಿ ಅಳೆದೆ, ಒಂದೂವರೆ. ಆಮೇಲೆ ಅದನ್ನು ತಿರುಗಿಸಿ ಎಡಪಕ್ಕೆಯ ಮೇಲೆ ಕ್ಯಾಲಿಪರ್ ಇಟ್ಟೆ. ಅಲ್ಲಿ ಯಾವತ್ತೂ ಏನನ್ನೂ ಕಸಿ ಮಾಡಿದವರಿಲ್ಲ. ಅಲ್ಲಿಯೂ ಒಂದೂವರೆ.

ಎರಡನೆಯ ಇಲಿ. ಎಡ, ಒಂದೂವರೆ. ಮೂರನೆಯದನ್ನು ಕೈಗೆತ್ತಿಕೊಂಡವಳು ಕ್ಯಾಲಿಪರ್ ಕೆಳಗಿಟ್ಟೆ.

ನಾನು ಅಳೆಯುತ್ತಿದ್ದದ್ದು ಚರ್ಮವನ್ನು. ಬೆರಳಿನಿಂದ ಒತ್ತಿ ಎತ್ತಿದ ಬರೀ ಚರ್ಮದ ಮಡಿಕೆ. ಕೆಲಸ ಕಲಿಯಲು ಬಂದವರಿಗೆ ಮೊದಲ ದಿನವೇ ಹೇಳಿಕೊಡುತ್ತೇನೆ, ಚರ್ಮ ಹಿಂಡಬೇಡಿ, ಹಿಂಡಿದರೆ ಇಲ್ಲದ ಗಡ್ಡೆಯೂ ಸಿಗುತ್ತದೆ ಎಂದು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನನ್ನ ಬೆರಳಿಗೆ ಕಾಮಾಲೆ ಬಂದು ಐದು ವಾರವಾಗಿತ್ತು. ಬೇಕೆಂದು ಸುಳ್ಳು ಬರೆದೆನೇ? ದೇವರಾಣೆ ಇಲ್ಲ. ಗೊತ್ತೇ ಇರಲಿಲ್ಲವೇ? ಅದನ್ನು ಆಣೆ ಇಟ್ಟು ಹೇಳಲಾರೆ. ಅಳತೆ ಬೇರೆ, ಸಡಿಲ ಬೇರೆ ಎಂದಿದ್ದಳು. ನಾನು ಅವಳಿಗಾಗಿ ಒಂದು ಬೆರಳು ಸಡಿಲ ಬಿಟ್ಟು, ಅದನ್ನೇ ಅಳತೆ ಎಂದು ಬರೆಯುತ್ತಿದ್ದೆ.

ಸುಮ್ಮನಿದ್ದರೆ ಆಗುತ್ತಿತ್ತು. ಸೋಮವಾರ ಸಭೆಯಲ್ಲಿ ಔಷಧ ಬಿದ್ದುಹೋಗುತ್ತದೆ, ಉಪ್ಪುನೀರಿನ ಇಲಿಗಳಿಂದ ಚೂರು ತೆಗೆದು ಮತ್ತೊಂದು ತಲೆಮಾರಿಗೆ ದಾಟಿಸುತ್ತಾರೆ, ಮುಂದಿನ ವರ್ಷ ಇನ್ನೊಂದು ಔಷಧ. ನನಗೆ ಸೋಮವಾರ ಗುರುವಾರ ಉಳಿಯುತ್ತವೆ. ಆಸ್ಪತ್ರೆಯಲ್ಲಿ ಯಾರದೋ ಅಕ್ಕ ತಡವಾಗಿ ಬಂದು ಹಾಸಿಗೆಯ ಮೇಲೆ ಕೂತಿರುತ್ತಾಳೆ, ಅವಳಿಗೆ ಕೊಡಲು ಏನೂ ಇರುವುದಿಲ್ಲ. ಅದನ್ನು ಯೋಚಿಸಿದ ಮೇಲೆ ಎದ್ದೆ. ಏಳಲು ಸುಲಭವಾಗಲಿಲ್ಲ. ಇಲಿಯನ್ನು ಪಂಜರಕ್ಕೆ ಬಿಡುವ ಮುಂಚೆ ಒಮ್ಮೆ ಬಲಪಕ್ಕೆಯ ಮೇಲೆ ಬೆರಳಾಡಿಸಿದೆ, ಈ ಸಲ ಒತ್ತದೆ. ನುಣ್ಣಗಿತ್ತು. ಅಲ್ಲಿ ಯಾರೂ ಇರಲಿಲ್ಲ.

ಚೀಟಿ ಡಾಕ್ಟರು ಕಡತ ನೋಡುತ್ತಿದ್ದರು. ನಿಂತುಕೊಂಡೇ ಹೇಳಿದೆ.

"ಮೂವತ್ತೊಂದನ್ನ ಬೇರೆಯವರ ಹತ್ತಿರ ಅಳೆಸಿ ಡಾಕ್ಟ್ರೇ. ನನ್ನ ಕೈ ಸರಿ ಇಲ್ಲ."

"ಕೈಗೇನಾಯ್ತು?"

"ಅದು ನಮ್ಮಕ್ಕ."

ಅವರು ಕನ್ನಡಕ ತೆಗೆದರು. "ಯಾವಾಗ ಗೊತ್ತಾಯ್ತು?"

"ಪೆಟ್ಟಿಗೆ ಬಂದ ದಿನವೇ."

"ಮೂರೂವರೆ ವರ್ಷ!" ಅವರು ಎದ್ದು ನಿಂತುಬಿಟ್ಟರು. "ಮೂರೂವರೆ ವರ್ಷದ ಲೆಕ್ಕ ಈಗ ಯಾರು ನಂಬ್ತಾರೆ? ಆ ಇಲಿಗಳು ಸುಮ್ನೆ ಸತ್ತ ಹಾಗೆ ಆಗಲಿಲ್ವಾ? ನೀವೇ ಹೀಗೆ ಮಾಡಿದ್ರೆ ನಾನು ಯಾರಿಗೆ ಬುದ್ಧಿ ಹೇಳಲಿ?"

ಇಲಿಗಳ ಮಾತು ಎತ್ತಿದ್ದೇ ನನಗೆ ಹೆಚ್ಚು ನಾಟಿತು. ಒಂದೊಂದರ ಜೀವಕ್ಕೂ ಉತ್ತರ ಹೇಳಬೇಕು ಎಂದು ಅವರು ಇಲ್ಲಿಗೆ ಹೊಸದಾಗಿ ಬಂದಾಗ ಅವರಿಗೇ ನಾನು ಪಾಠ ಹೇಳಿದ್ದೆ. ಅವರು ಒಂದು ಹಾಳೆ ನನ್ನ ಕಡೆ ತಳ್ಳಿದರು.

"ಚೀಟಿ ಬರೀರಿ."

ಕೆಲಸ ಹಸ್ತಾಂತರದ ಚೀಟಿ. ಸಂಖ್ಯೆ ಎಂಬಲ್ಲಿ ಮೂವತ್ತೊಂದು ಎಂದು ಬರೆದೆ. ಕಾರಣ ಎಂಬಲ್ಲಿ ಮೂರು ಸಾಲಿನ ಜಾಗ ಇತ್ತು. 'ಅಕ್ಕ' ಎಂದು ಬರೆದು ಸಹಿ ಮಾಡಿದೆ. ಅವರು ಓದಿದರು. ಮಡಚಿ ಒಳಗಿಟ್ಟುಕೊಂಡರು.

ಅವರೇ ಅಳೆದರು. ಪಂಜರದ ಗುರುತು ಮರೆಮಾಡಿ, ಹೋಳು ತೆಗೆಯುವವನನ್ನು ಬರೆಯಲು ಕೂರಿಸಿಕೊಂಡರು. ನನ್ನನ್ನು ಗಾಜಿನ ಆಚೆ ನಿಲ್ಲಿಸಿದರು. ಮಾತು ಕೇಳಿಸುತ್ತಿರಲಿಲ್ಲ, ಮುಖವಾಡದ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ಬರೆಯುವವನ ಪೆನ್ನು ನೋಡುತ್ತ ನಿಂತೆ. ಕೆಲವಕ್ಕೆ ಅದು ಎರಡಂಕಿ ಬರೆಯಿತು. ಕೆಲವಕ್ಕೆ ಒಂದು ಸಲ ದುಂಡಗೆ ಸುತ್ತಿ ನಿಂತಿತು. ದುಂಡಗೆ ಸುತ್ತಿದ್ದನ್ನು ಎಣಿಸಿದೆ. ಎಂಟು.

ಮಧ್ಯಾಹ್ನ ಮೆಟ್ಟಿಲಿನಲ್ಲಿ ದಡದಡ ಸದ್ದು. ಬೈಯುತ್ತಾಳೆ ಎಂದು ಎದ್ದು ನಿಂತೆ. ಐದು ವಾರ ಅವಳನ್ನು ಸಾಯಿಸಿದ್ದೆ, ಬೈಯುವ ಹಕ್ಕು ಅವಳಿಗಿತ್ತು.

"ಎಂಟಕ್ಕೆ ಎಂಟೂ?" ಎಂದಳು, ಏದುಸಿರು ಬಿಡುತ್ತ.

"ಎಂಟೂ."

ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಡಾಕ್ಟರು ಎಲ್ಲ ಹೇಳಿದ್ದರೆಂದು ಮುಖದಲ್ಲೇ ಗೊತ್ತಾಯಿತು. ಬೈಯಲು ಬಾಯಿ ತೆರೆದವಳು ಬೇರೇನನ್ನೋ ಕೇಳಿದಳು.

"ನಿಮ್ಮಕ್ಕ ಹೋಗಿ ಎಷ್ಟು ದಿನ ಆಯ್ತು?"

"ಮೂರು ವರ್ಷ ಆಯ್ತಮ್ಮ."

"ಆಗ ಈ ಔಷಧ ಇಲಿಗೂ ಕೊಟ್ಟಿರಲಿಲ್ಲ" ಎಂದಳು. ತಪ್ಪು ತನ್ನದೇ ಎನ್ನುವ ಹಾಗೆ ಹೇಳಿದಳು. ಹತ್ತಿ ಹೋಗುವಾಗ ಮೆಲ್ಲಗೆ ಹೋದಳು.

ಸಭೆಯನ್ನು ಒಂದು ವಾರ ಮುಂದೂಡಿದರು. ಎರಡು ಇಲಿಗಳ ಬಲಪಕ್ಕೆಯ ಹೋಳು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗಾಯ ಮಾಯ್ದ ಕಲೆ ಮಾತ್ರ, ಗಡ್ಡೆಯ ಒಂದು ಕಣವೂ ಇಲ್ಲ. ನಾನು ಅಳೆದ ಹಳೆಯ ಲೆಕ್ಕವನ್ನೆಲ್ಲ ಬದಿಗಿಟ್ಟು, ಬೇರೆ ಎರಡು ಸಂಖ್ಯೆಗಳ ಮೇಲೂ ಪರೀಕ್ಷಿಸಿದ ಮೇಲೆ ರೋಗಿಗಳಿಗೆ ಕೊಡುವುದು ಎಂದು ತೀರ್ಮಾನವಾಯಿತು. ನನ್ನಿಂದ ಇನ್ನೂ ಕೆಲವು ತಿಂಗಳು ತಡ. ಅಳತೆಯ ಕೆಲಸದಿಂದ ನನ್ನನ್ನು ತೆಗೆದು ಪಂಜರ ತೊಳೆಯಲು ಹಾಕಿದ್ದಾರೆ. ನ್ಯಾಯವೇ. ಉಪ್ಪುನೀರಿನ ಎಂಟು ಇಲಿಗಳ ಗಡ್ಡೆ ಮಿತಿ ಮುಟ್ಟಿದಾಗ ನೋವಿಲ್ಲದೆ ಮಲಗಿಸಿದರು. ಮುಂದಿನ ತಲೆಮಾರಿಗೆ ದಾಟಿಸಲು ಯಾರೂ ಚೀಟಿ ತರಲಿಲ್ಲ. ಡಾಕ್ಟರು ಬಾಗಿಲಲ್ಲಿ ನಿಂತು, "ಆಯ್ತು" ಎಂದಷ್ಟೇ ಹೇಳಿ ಹೋದರು.

ಆ ಸಂಜೆ ಕಾಲು ತಾನಾಗಿಯೇ ಅಂಗಡಿಯ ಕಡೆ ಹೋಯಿತು. ಅಕ್ಕನ ಮಗಳು ಬಾಗಿಲು ತೆಗೆದಳು, ಒಳಗೆ ಬನ್ನಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹೊಸ್ತಿಲ ಆಚೆಯಿಂದಲೇ ಹೇಳಿದೆ.

"ಅದು ಹೋಯ್ತು ಕಣೆ. ಒಂದೂ ಉಳಿದಿಲ್ಲ. ಒಂದು ಔಷಧ ಬಂದಿದೆ, ಪೂರ್ತಿ ಕರಗಿಸ್ತು. ನಾನು ಐದು ವಾರ ಉಳಿದಿದೆ ಅಂತ ಬರೆದೆ. ಉಳಿದಿರಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ಯಾಕೆ ಬರೆದ್ರಿ?"

"ಬಿಡೋಕೆ ಆಗಲಿಲ್ಲ."

ಅವಳು ಬಾಗಿಲಿನಿಂದ ಸರಿದು ಸ್ಟೂಲನ್ನು ಮುಂದೆ ಎಳೆದಳು. ಕೂತೆ. ಹೊಲಿಗೆ ಯಂತ್ರದ ಮೇಲೆ ಧೂಳಿರಲಿಲ್ಲ, ದಿನಾ ಒರೆಸುತ್ತಾಳೆ ಎಂದು ಕಂಡಿತು.

"ಆ ಔಷಧ ಅಮ್ಮನಿಗೆ ಕೊಟ್ಟಿದ್ರೆ?"

ಸುಳ್ಳು ಹೇಳಬಹುದಿತ್ತು. ಇಲಿಗೆ ಆದದ್ದೆಲ್ಲ ಮನುಷ್ಯರಿಗೆ ಆಗುವುದಿಲ್ಲ ಎನ್ನಬಹುದಿತ್ತು, ಅದು ನಿಜವೂ ಹೌದು. ಆದರೆ ಆ ಗಡ್ಡೆ ಅವಳದ್ದೇ ಆಗಿತ್ತು.

"ಉಳೀತಿದ್ಲೋ ಏನೋ. ಆಗ ಇನ್ನೂ ಇರಲಿಲ್ಲ. ಮೂರು ವರ್ಷ ತಡವಾಯ್ತು."

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಅವಳು ನನ್ನನ್ನು ಹಂಗಿಸುತ್ತಾಳೆ ಎಂದುಕೊಂಡೆ. ಅವಳು ನಕ್ಕಳು. ನಗು ಅರ್ಧಕ್ಕೆ ಬರುವಾಗಲೇ ಕಣ್ಣಲ್ಲಿ ನೀರು ಬಂತು.

"ಜೀವಮಾನ ಪೂರ್ತಿ ತಡ, ತಡ ಅಂತ ಅಮ್ಮನ್ನ ಬೈದ್ರಿ ಎಲ್ರೂ. ಕೊನೆಗೆ ನೋಡಿ ಚಿಕ್ಕಮ್ಮ, ತಡ ಮಾಡಿದ್ದು ನೀವು."

ನಾನು ಅತ್ತೆ. ಮೂರು ವರ್ಷ ಮುಖವಾಡದೊಳಗೆ ಅತ್ತಿದ್ದನ್ನು ಬಿಟ್ಟರೆ ಅದೇ ಮೊದಲು. ಅವಳು ಎಷ್ಟೋ ಹೊತ್ತು ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಆಮೇಲೆ ಮೊಳೆಯಿಂದ ನನ್ನ ಕೋಟು ತೆಗೆದಳು. ತೋಳಿನಲ್ಲಿ ಅಕ್ಕನ ಗುಂಡುಸೂಜಿಗಳು ತುಕ್ಕು ಹಿಡಿದು ಹಾಗೆಯೇ ಇದ್ದವು, ಸೀಮೆಸುಣ್ಣದ ಗೆರೆ ಮಾಸಿತ್ತು.

"ನಾಳೆ ಬರ್ತೀನಿ ಬಿಡೆ" ಎಂದೆ.

"ನಾಳೆ ಬೇಡ. ಕೂತ್ಕೊಳ್ಳಿ."

ಅವಳು ಹೊಸದಾಗಿ ಅಳೆಯಲಿಲ್ಲ. ತನ್ನ ಅಮ್ಮ ಚುಚ್ಚಿದ ಸೂಜಿಗಳ ಗುಂಟವೇ ಹೊಲಿದಳು, ಒಂದೊಂದು ಸೂಜಿ ಕಿತ್ತು ಡಬ್ಬಿಗೆ ಹಾಕುತ್ತ. ತೊಟ್ಟು ನೋಡಿದೆ. ತೋಳು ಮಣಿಕಟ್ಟಿಗೆ ಬಂದು ನಿಂತಿತ್ತು, ಒಂದು ಬೆರಳು ಸಡಿಲ.

ಮರುದಿನ ಬೆಳಿಗ್ಗೆ ನೆಲಮಾಳಿಗೆಯಲ್ಲಿ ಅದೇ ಕೋಟು ಹಾಕಿಕೊಂಡು ಪಂಜರಗಳ ಮುಂದೆ ನಿಂತೆ. ಗುರುವಾರವಾಗಿತ್ತು. ಅಭ್ಯಾಸದ ಕೈ ತೋಳು ಮಡಿಸಲು ಹೋಯಿತು. ಮಡಿಸಲು ಏನೂ ಇರಲಿಲ್ಲ.